ಎಡಗೈ ಮೇಸ್ತ್ರಿಯ ಬುಷ್‌ಗಳು

ನಮ್ಮಣ್ಣನಿಗೆ ಒಂದು ಹೆಸರಿದೆ. ಅದು ಬ್ಯಾಂಕಿನವರಿಗೂ ಅತ್ತಿಗೆಯ ತವರಿನವರಿಗೂ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವನು ಎಡಗೈ ಮೇಸ್ತ್ರಿ. ಯಾರಾದರೂ ಆ ನಿಜವಾದ ಹೆಸರು ಹೇಳಿಕೊಂಡು ಗ್ಯಾರೇಜು ಹುಡುಕಿ ಬಂದರೆ ನಮ್ಮ ಬೀದಿಯವರೇ ತಬ್ಬಿಬ್ಬಾಗುತ್ತಾರೆ. ಎಡಗೈ ಮೇಸ್ತ್ರಿ ಅಂದರೆ ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ನಾನು ಅವನ ತಂಗಿ. ಗ್ಯಾರೇಜಿನ ಮುಂಭಾಗದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷವಾಯಿತು. ಅವನು ಹಿಂದೆ ಬಿಚ್ಚುತ್ತಾನೆ, ನಾನು ಮುಂದೆ ಮಾರುತ್ತೇನೆ. ನಡುವೆ ಒಂದು ಕಿಟಕಿ. ದಿನಕ್ಕೆ ನಾಲ್ಕು ಸಲವಾದರೂ ಆ ಕಿಟಕಿಯಲ್ಲಿ ನಾವಿಬ್ಬರೂ ಜಗಳ ಆಡುತ್ತೇವೆ. ಆಡದ ದಿನ ಅತ್ತಿಗೆ ಫೋನ್ ಮಾಡಿ, ಯಾರಿಗೆ ಮೈ ಹುಷಾರಿಲ್ಲ ಅಂತ ಕೇಳುತ್ತಾರೆ.

ಚಿಕ್ಕಂದಿನಲ್ಲಿ ಆ ಎಡಗೈಗೆ ಬಿದ್ದ ಏಟಿಗೆ ಲೆಕ್ಕವಿಲ್ಲ. ಶಾಲೆಯಲ್ಲಿ ಮೇಷ್ಟ್ರು ಸ್ಕೇಲಿನಲ್ಲಿ ಬಾರಿಸುತ್ತಿದ್ದರು, ಮನೆಯಲ್ಲಿ ಅಮ್ಮ ಸೌಟಿನಲ್ಲಿ. ಅಂತೂ ಇಂತೂ ಬಲಗೈಯಲ್ಲಿ ಬರೆಯುವುದನ್ನು ಕಲಿತ. ಕಲಿತ ಮೇಲೆ ಬರೆಯುವುದನ್ನೇ ಬಿಟ್ಟು ಗ್ಯಾರೇಜು ಸೇರಿಕೊಂಡ. ಅಲ್ಲಿದ್ದ ಹಳೆಯ ಮೇಸ್ತ್ರಿ ಮಾತ್ರ ಈ ಕೈ ನೋಡಿ ಖುಷಿಪಟ್ಟರಂತೆ. ಗೇರ್ ಲಿವರ್ ಇರುವುದೇ ಡ್ರೈವರಿನ ಎಡಕ್ಕೆ, ನಿನಗೆ ಹೇಳಿ ಮಾಡಿಸಿದ ಕೆಲಸ ಕಣಪ್ಪ ಅಂದರಂತೆ. ಕಣ್ಣಿಗೆ ಬಟ್ಟೆ ಕಟ್ಟಿ, ಕಾರಿನಲ್ಲಿ ಕೂರಿಸಿ, ಲಿವರ್ ಮೇಲೆ ಕೈ ಇಡಿಸಿ, ಒಳಗೆ ಏನು ಸವೆದಿದೆ ಹೇಳು ಅನ್ನುತ್ತಿದ್ದರು. ಮೊದಮೊದಲು ಬಾಯಿಗೆ ಬಂದದ್ದು ಹೇಳಿ ಬೈಸಿಕೊಂಡ. ನಾಲ್ಕೈದು ವರ್ಷ ಕಳೆಯುವ ಹೊತ್ತಿಗೆ ಎರಡು ಬೆರಳಲ್ಲಿ ಲಿವರ್ ಅಲ್ಲಾಡಿಸಿ, ಯಾವ ಬುಷ್ ಹೋಗಿದೆ, ಯಾವ ಕೇಬಲ್ ಜೋತುಬಿದ್ದಿದೆ, ಯಾವ ಗೇರಿನ ಹಲ್ಲು ಮುಕ್ಕಾಗಿದೆ ಎಂದು ಹೇಳುವಷ್ಟಾದ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಅವನ ಓದು, ಡಿಗ್ರಿ, ಬಂಡವಾಳ ಎಲ್ಲ ಆ ಎರಡು ಬೆರಳೇ.

ಬುಷ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎರಡು ಕಬ್ಬಿಣದ ತುಂಡುಗಳು ಸೇರುವ ಕಡೆ ಒಂದು ರಬ್ಬರ್ ಬಳೆ ಇರುತ್ತದೆ. ಅತ್ತೆ ಸೊಸೆ ನಡುವೆ ಸಿಕ್ಕಿಕೊಂಡ ಗಂಡಸಿನ ಹಾಗೆ ಎರಡೂ ಕಡೆಯ ಗುದ್ದು ತಾನೇ ತಿನ್ನುತ್ತದೆ, ಸದ್ದಿಲ್ಲದೆ ಸವೆಯುತ್ತದೆ. ಗೇರ್ ಲಿವರಿನ ಬುಡದಲ್ಲಿ ಇಂಥವು ನಾಲ್ಕು ಇರುತ್ತವೆ. ಅಲ್ಲಿಂದ ಎರಡು ಕೇಬಲ್‌ಗಳು ಗೇರ್ ಬಾಕ್ಸಿಗೆ ಹೋಗುತ್ತವೆ, ಒಂದೊಂದರ ತುದಿಗೂ ಒಂದೊಂದು ಬುಷ್. ತರಕಾರಿ ತರಲು ಹೋಗಿಬರುವ ಕಾರಿಗೆ ರಬ್ಬರೇ ಸುಖ. ಆದರೆ ನಮ್ಮ ಊರಿನ ಆಚೆ ಒಂದು ರೇಸ್ ಟ್ರ್ಯಾಕ್ ಇದೆ. ತಿಂಗಳಿಗೊಂದು ಭಾನುವಾರ ಅದನ್ನು ಸಾಮಾನ್ಯ ಜನರಿಗೂ ಬಿಡುತ್ತಾರೆ. ವಾರವೆಲ್ಲ ಮರ್ಯಾದಸ್ಥರಾಗಿ ಇರುವ ಜನ ಅವತ್ತು ಹೆಲ್ಮೆಟ್ ಹಾಕಿಕೊಂಡು, ಸಾಲ ಕೊಟ್ಟವನು ಹಿಂದೆ ಬಿದ್ದ ಹಾಗೆ ಓಡಿಸುತ್ತಾರೆ. ಆ ವೇಗದಲ್ಲಿ ತಿರುವು ತೆಗೆದುಕೊಂಡಾಗ ರಬ್ಬರ್ ಬುಷ್ ಹಿಂಡಿ ಹೋಗುತ್ತದೆ, ಲಿವರ್ ಒಂದು ಕಡೆ ಹೇಳಿದರೆ ಗೇರು ಇನ್ನೊಂದು ಕಡೆ ಕೇಳುತ್ತದೆ. ಅದಕ್ಕೇ ಟ್ರ್ಯಾಕಿನವರು ಗಟ್ಟಿ ಬುಷ್ ಹಾಕಿಸುತ್ತಾರೆ, ಲಿವರ್ ಬದಲಿಗೆ ಶಾರ್ಟ್ ಶಿಫ್ಟರ್ ಹಾಕಿಸುತ್ತಾರೆ. ಗೇಣುದ್ದ ಓಡಾಡಬೇಕಾದ ಲಿವರ್ ಆಗ ನಾಲ್ಕು ಬೆರಳಗಲ ಓಡಾಡಿದರೆ ಸಾಕು. ಈ ಕೆಲಸಕ್ಕೆ ಅಣ್ಣನನ್ನು ಬಿಟ್ಟರೆ ಇಲ್ಲ ಅಂತ ಟ್ರ್ಯಾಕಿನಲ್ಲೆಲ್ಲ ಮಾತು. ಅವನು ಕೊನೆಯಲ್ಲಿ ಒಮ್ಮೆ ಲಿವರ್ ಹಿಡಿದು, ಕಣ್ಣು ಮುಚ್ಚಿ, "ಹಾಂ" ಅಂದರೆ ಮುಗಿಯಿತು. ಯಾರೂ ಎದುರು ಮಾತಾಡುವುದಿಲ್ಲ.

ನನಗೆ ಮೊದಲು ಅನುಮಾನ ಬಂದದ್ದು ಅವನ ಟ್ರೇಯಿಂದ. ಬಿಚ್ಚಿದ ಹಳೆಯ ಬುಷ್‌ಗಳನ್ನು ಅವನು ಬೆಂಚಿನ ಕೆಳಗೆ ಒಂದು ಟ್ರೇಯಲ್ಲಿ ಹಾಕುತ್ತಾನೆ, ತುಂಬಿದಾಗ ನಾನು ಗುಜರಿಗೆ ಕೊಡುತ್ತೇನೆ. ಒಂದು ಸಲ ಎತ್ತುವಾಗ ಕೈಗೆ ಸಿಕ್ಕಿದ ಬುಷ್ ಒಂದನ್ನು ಹಿಂಡಿ ನೋಡಿದೆ. ಚೆನ್ನಾಗಿತ್ತು. ಉಗುರು ಒತ್ತಿದೆ, ಗುರುತು ನಿಲ್ಲಲಿಲ್ಲ. ಇನ್ನೊಂದು ತೆಗೆದೆ, ಅದೂ ಚೆನ್ನಾಗಿತ್ತು. ಇಪ್ಪತ್ತೆರಡು ವರ್ಷ ರಬ್ಬರ್ ಮಾರಿದವಳು ನಾನು. ಸತ್ತ ಬುಷ್ ಯಾವುದು, ಬದುಕಿರುವ ಬುಷ್ ಯಾವುದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟ್ರೇಯಲ್ಲಿ ಅರ್ಧಕ್ಕಿಂತ ಹೆಚ್ಚು ಬದುಕಿದ್ದವೇ.

ನೋಡಲು ಶುರುಮಾಡಿದ ಮೇಲೆ ಎಲ್ಲವೂ ಕಾಣತೊಡಗಿತು. ಯಾರು ಬಂದರೂ "ಬುಷ್ ಹೋಗಿದೆ" ಅನ್ನುತ್ತಿದ್ದ. ಹೋದ ವರ್ಷ ಹಾಕಿದ ಬುಷ್ಷೂ ಹೋಗಿದೆ. ಟ್ರ್ಯಾಕಿಗೆ ಹೋಗುವ ಬೇಕರಿಯವರ ಕಾರಿಗೆ ರಬ್ಬರ್ ತೆಗೆದು ಗಟ್ಟಿ ಪ್ಲಾಸ್ಟಿಕ್ ಹಾಕಿದ. ಆರು ತಿಂಗಳಿಗೆ ಅದೂ ಸಡಿಲ ಅಂತ ಹಿತ್ತಾಳೆ ಹಾಕಿದ. ನಾನು ಕಿಟಕಿಯ ಈ ಕಡೆ ನಿಂತು ಡಬ್ಬ ಎತ್ತಿ ಕೊಡುತ್ತಲೇ ಇದ್ದೆ, ಒಳಗೊಳಗೇ ಕುದಿಯುತ್ತಲೇ ಇದ್ದೆ. ಇವನೂ ಕೆಟ್ಟನಾ ಅಂತ. ಸವೆಯದೇ ಇದ್ದದ್ದನ್ನು ಸವೆದಿದೆ ಅಂತ ಹೇಳುವವರ ಬೀದಿ ಬೇರೆ ಇದೆ, ಆ ಬೀದಿ ಬೇಡ ಅಂತಲೇ ನಾವು ಇಲ್ಲಿ ಅಂಗಡಿ ಹಾಕಿದ್ದು. ಅಷ್ಟು ಜಗಳಗಂಟಿಯಾದ ನಾನು ಈ ಒಂದು ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡೆ. ಕೇಳಿದರೆ ಹೌದು ಅಂದುಬಿಟ್ಟರೆ ಏನು ಮಾಡುವುದು ಅಂತ ಭಯ. ನನ್ನ ಒಡಹುಟ್ಟಿದವನನ್ನು ನಾನು ಕಳ್ಳ ಅಂದುಕೊಂಡಿದ್ದೆ. ಇದನ್ನು ಅವನಿಗೆ ಇವತ್ತಿಗೂ ಹೇಳಿಲ್ಲ.

ಹಾಗಿರುವಾಗ ಹಲ್ಲಿನ ಡಾಕ್ಟರಮ್ಮನ ಕಾರು ಬಂತು. ಈ ಡಾಕ್ಟರಮ್ಮ ನಮ್ಮ ಬೀದಿಯ ತುದಿಯಲ್ಲೇ ಕ್ಲಿನಿಕ್ ಇಟ್ಟುಕೊಂಡವರು, ನಮ್ಮ ಮನೆಯವರ ಬಾಯಿಗೆಲ್ಲ ಕೈ ಹಾಕಿದವರು. ನಲವತ್ತೈದು ದಾಟಿದ ಮೇಲೆ ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡ ಹಾಗಿರುವ ಒಂದು ಸ್ಪೋರ್ಟ್ಸ್ ಕಾರು ತೆಗೆದುಕೊಂಡರು. ಅದರೊಳಗೆ ಕೂರುವುದು ಏಳುವುದು ನೋಡಿದರೆ ಬಾವಿಗೆ ಇಳಿದು ಹತ್ತಿದ ಹಾಗೆ. ಅವರ ದೂರು ಏನೆಂದರೆ, ಟ್ರ್ಯಾಕಿನಲ್ಲಿ ಒಂದು ಉದ್ದನೆಯ ತಿರುವು ಇದೆ, ಅಲ್ಲಿ ಮೂರನೇ ಗೇರು ಹುಡುಕಬೇಕಾಗುತ್ತದೆ. ಇದು ನಿಜವಾದ ದೂರು. ಅವರ ಹಳೆಯ ಬುಷ್‌ಗಳನ್ನು ನಾನೇ ಹಿಂಡಿ ನೋಡಿದೆ; ಈ ಸಲ ನಿಜವಾಗಿಯೂ ಸತ್ತಿದ್ದವು.

ಅಣ್ಣ ಮೂರು ದಿನ ಆ ಕಾರಿನೊಳಗೇ ಸಂಸಾರ ಹೂಡಿದ. ಸೀಟು ಬಿಚ್ಚಿ ಹೊರಗಿಟ್ಟ, ನಡುವಿನ ಪ್ಲಾಸ್ಟಿಕ್ ಮುಚ್ಚಳ ತೆಗೆದ, ಹಳೆಯ ಲಿವರ್ ಇಳಿಸಿ ಶಾರ್ಟ್ ಶಿಫ್ಟರ್ ಕೂರಿಸಿದ. ಬುಡದ ನಾಲ್ಕೂ ಬುಷ್, ಕೇಬಲ್ ತುದಿಯ ಎರಡೂ ಬುಷ್ ಗಟ್ಟಿ ಪ್ಲಾಸ್ಟಿಕ್ಕಿನವು. ಅಷ್ಟು ಸಾಕು. ಎಲ್ಲರಿಗೂ ಅಷ್ಟು ಸಾಕಾಗುತ್ತದೆ. ಅವನು ಕೂತು, ಲಿವರ್ ಹಿಡಿದು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿದ. ಇನ್ನೂ ಎಲ್ಲೋ ಸಡಿಲ ಇದೆ ಅಂದ. ಬುಡದ ನಾಲ್ಕಕ್ಕೂ ಹಿತ್ತಾಳೆ ತರಿಸು ಅಂದ. ತರಿಸಿಕೊಟ್ಟೆ. ಹಾಕಿದ. ಮತ್ತೆ ಕೂತ, ಮತ್ತೆ ಕಣ್ಣು ಮುಚ್ಚಿದ, ಈ ಸಲ ತುಂಬ ಹೊತ್ತು. ಆಮೇಲೆ "ಹಾಂ" ಅಂದ. ಆ "ಹಾಂ" ಎಂದಿನ ಹಾಗಿರಲಿಲ್ಲ, ಆದರೆ ಅದನ್ನು ನಾನು ಆಮೇಲೆ ಯೋಚಿಸಿದ್ದು.

ಅವತ್ತು ಶುಕ್ರವಾರ ಸಂಜೆ, ಅವನು ಕೈ ತೊಳೆಯಲು ಹೋದಾಗ, ಸೀಟಿನ ಮೇಲೆ ಬಿಟ್ಟಿದ್ದ ಶಿಫ್ಟರ್ ಡಬ್ಬ ತೆಗೆಯಲು ನಾನು ಕಾರಿನೊಳಗೆ ಕೂತೆ. ಡಬ್ಬದಲ್ಲಿ ಒಂದು ಪಿನ್ನು ಪ್ಯಾಕೆಟ್ಟಿನಲ್ಲಿ ಹಾಗೇ ಇತ್ತು. ಶಿಫ್ಟರ್ ಜೊತೆ ಕಂಪನಿಯವರೇ ಕೊಡುವ ಪಿನ್ನು ಅದು. ಲಿವರ್ ನಡುವೆ ನ್ಯೂಟ್ರಲ್‌ನಲ್ಲಿ ನಿಂತಾಗ ಅದರ ಬುಡದ ತೂತಿಗೆ ಆ ಪಿನ್ನು ಸಿಕ್ಕಿಸಿ, ಲಿವರ್ ಅಲ್ಲಾಡದ ಹಾಗೆ ಮಾಡಿ, ಆಮೇಲೆ ಕೇಬಲ್ ಬಿಗಿಯಬೇಕು. ಅಣ್ಣ ಯಾವತ್ತೂ ಅದನ್ನು ಮುಟ್ಟಿದವನಲ್ಲ. ಕೈಗೆ ಕಣ್ಣಿಲ್ಲದವರಿಗೆ ಅದು, ನನಗೆ ಯಾಕೆ ಅನ್ನುತ್ತಿದ್ದ. ಮೂವತ್ತು ವರ್ಷ ಕೈಯ ಅಂದಾಜಿನಲ್ಲೇ ಕೇಬಲ್ ಬಿಗಿದಿದ್ದಾನೆ, ಒಂದು ಸಲವೂ ತಪ್ಪಿರಲಿಲ್ಲ.

ಕೂತವಳು ಸುಮ್ಮನೆ ಎದ್ದು ಬರಬಾರದೇ, ಕ್ಲಚ್ ಒತ್ತಿ ಲಿವರ್ ಎಳೆದೆ. ನನ್ನ ಮಣಿಕಟ್ಟು ಕಿತ್ತು ಬರುವಷ್ಟು ಗಟ್ಟಿ. ಸಡಿಲ ಅಂತೆ, ಸಡಿಲ! ಐದರಿಂದ ನಾಲ್ಕಕ್ಕೆ ಎಳೆದೆ, ಲಿವರ್ ನಾಲ್ಕರ ದಾರಿ ಬಿಟ್ಟು ಎರಡರ ಕಡೆ ಜಾರಿತು. ಇನ್ನೊಂದು ಸಲ ಮಾಡಿದೆ, ಆಗ ಸರಿಯಾಗಿ ಬಿತ್ತು. ನನಗೇ ಸರಿಯಾಗಿ ಹಿಡಿಯಲು ಬರಲಿಲ್ಲವೇನೋ ಅಂದುಕೊಂಡೆ. ಅಂಗಡಿಯಲ್ಲಿ ಕೂತು ಮಾರುವವಳ ಕೈ ಎಲ್ಲಿ, ಎಡಗೈ ಮೇಸ್ತ್ರಿಯ ಕೈ ಎಲ್ಲಿ. ಡಬ್ಬ ಎತ್ತಿಕೊಂಡು ಇಳಿದುಬಂದೆ. ಶನಿವಾರ ಬೆಳಿಗ್ಗೆ ಡಾಕ್ಟರಮ್ಮ ಬಂದು ಕಾರು ತೆಗೆದುಕೊಂಡು ಹೋದರು. ಮಾರನೆಯ ದಿನ ಟ್ರ್ಯಾಕು.

ಶನಿವಾರ ಮಧ್ಯಾಹ್ನ ಅತ್ತಿಗೆ ಅಂಗಡಿಗೆ ಬಂದರು. ಅತ್ತಿಗೆ ಬಟ್ಟೆ ಹೊಲಿಯುವವರು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅಣ್ಣನ ಕೆಲಸದ ಅಂಗಿ ಎರಡು ತಂದಿದ್ದರು. ನೋಡಿದರೆ ಗುಂಡಿಯ ಜಾಗದಲ್ಲೆಲ್ಲ ಟಿಚ್ ಬಟನ್. ಇದೇನು ಹೊಸ ಶೋಕಿ ಅಂತ ನಾನು ರೇಗಿಸಿದೆ. ಅವರು ನಗಲಿಲ್ಲ. ಎಲ್ಲ ಅಂಗಿಗೂ ಹೀಗೇ ಮಾಡಿಕೊಡು ಅಂದಿದ್ದಾರೆ, ಗುಂಡಿ ಹಾಕೋಕೆ ಆಗ್ತಿಲ್ಲ ಅಂತ ಬಾಯಿ ಬಿಟ್ಟು ಹೇಳಲ್ಲ, ಬೆಳಿಗ್ಗೆ ಎದ್ದ ಕೂಡಲೇ ಕೈ ಝಾಡಿಸ್ತಾರೆ, ಎರಡು ವರ್ಷದಿಂದ ಲೋಟ ಒಡೀತಾ ಇದ್ದಾರೆ, ಸೋಪು ಜಾರ್ತು ಅಂತಾರೆ. ಇಷ್ಟು ಹೇಳಿ, ನಿನಗೇನಾದ್ರೂ ಗೊತ್ತಾ ಅಂತ ನನ್ನ ಮುಖ ನೋಡಿದರು.

ಟ್ರೇ, ಹಿತ್ತಾಳೆ, ಬೇಕರಿಯವರ ಕಾರು, ಎರಡರ ಕಡೆ ಜಾರಿದ ಲಿವರ್, ಎಲ್ಲ ಒಟ್ಟಿಗೆ ಬಂದು ಗುದ್ದಿದವು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಎಲ್ಲವೂ ಸಡಿಲವಾಗಿಯೇ ಇತ್ತು.

ಅತ್ತಿಗೆಯನ್ನು ಅಂಗಡಿಯಲ್ಲಿ ಕೂರಿಸಿ ಗ್ಯಾರೇಜಿಗೆ ಹೋದೆ. ಅಣ್ಣ ಬೆಂಚಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಟ್ರೇಯಿಂದ ಒಂದು ಹಳೆಯ ರಬ್ಬರ್ ಬುಷ್, ಕಪಾಟಿನಿಂದ ಅದೇ ಅಳತೆಯ ಒಂದು ಹೊಸ ಗಟ್ಟಿ ಪ್ಲಾಸ್ಟಿಕ್ ಬುಷ್ ತೆಗೆದುಕೊಂಡು, ಮೇಲೆ ಸವರಿ ಗುರುತು ಹಿಡಿಯದ ಹಾಗೆ ಎರಡಕ್ಕೂ ಒಂದಿಷ್ಟು ಗ್ರೀಸ್ ಹಚ್ಚಿ ಅವನೆದುರು ನಿಂತೆ. ಕಣ್ಣು ಮುಚ್ಚು, ಎಡಗೈ ಕೊಡು ಅಂದೆ. ಏನು ಆಟ ಇದು ಅಂತ ಗದರಿದ. ನಾನು ಅವನ ಕೈ ಹಿಡಿದೆ. ನನ್ನ ಮುಖದಲ್ಲಿ ಏನು ಕಂಡಿತೋ, ಕಣ್ಣು ಮುಚ್ಚಿದ. ಒಂದು ಇಟ್ಟೆ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಂಡಿದ. ಗಟ್ಟಿ ಅಂದ. ಅದು ರಬ್ಬರ್ ಆಗಿತ್ತು. ಎರಡನೆಯದು ಇಡುವ ಬದಲು ಅದೇ ರಬ್ಬರನ್ನೇ ತೆಗೆದು ಮತ್ತೆ ಇಟ್ಟೆ. ಅವನು ಬಹಳ ಹೊತ್ತು ಹಿಂಡಿದ, ಬೆರಳು ಬೆಳ್ಳಗಾಗುವವರೆಗೂ ಹಿಂಡಿದ. "ಇದು ಮೆತ್ತಗಿದೆ," ಅಂದ. ಅಂದವನು ಕಣ್ಣು ತೆರೆದು ತನ್ನ ಕೈಯಲ್ಲಿದ್ದದ್ದನ್ನು ನೋಡಿದ, ಆಮೇಲೆ ನನ್ನ ಕೈಯಲ್ಲಿದ್ದದ್ದನ್ನು ನೋಡಿದ.

ನನಗೆ ಅಳು ಬಂತು, ಕೋಪವೂ ಬಂತು. ಎಷ್ಟು ದಿನದಿಂದ ಅಂತ ಕೇಳಿದೆ. ಎರಡು ವರ್ಷದಿಂದ ಬೆರಳಿಗೆ ಜೋಮು ಹಿಡಿದ ಹಾಗೆ ಇದೆ, ಮೊದಲು ಬಂದು ಹೋಗುತ್ತಿತ್ತು, ಈಗ ಹೋಗುವುದೇ ಇಲ್ಲ ಅಂದ. ಯಾಕೆ ಹೇಳಲಿಲ್ಲ ಅಂದೆ.

"ಏನಂತ ಹೇಳ್ಲಿ? ಮೊದಮೊದ್ಲು ನನಗೇ ಗೊತ್ತಾಗ್ಲಿಲ್ಲ. ಕಾರುಗಳೇ ಹಾಳಾಗ್ತಿವೆ ಅಂದ್ಕೊಂಡೆ. ನಿಜವಾಗ್ಲೂ ಹಾಗೇ ಅಂದ್ಕೊಂಡಿದ್ದೆ."

ಆಮೇಲೆ ಗೊತ್ತಾಯಿತಲ್ಲ ಅಂದೆ. ಆಮೇಲೆ ಗೊತ್ತಾಯಿತು ಅಂತ ಒಪ್ಪಿಕೊಂಡ. ಗೊತ್ತಾದ ಮೇಲೆ ಬಾಯಿ ಬಿಡಲು ಧೈರ್ಯ ಬರಲಿಲ್ಲ ಅಂದ.

ಡಾಕ್ಟರಮ್ಮನ ಕೇಬಲನ್ನು ಕೈ ಅಂದಾಜಿನಲ್ಲೇ ಬಿಗಿದೆಯಾ ಅಂತ ನಾನು ಕೇಳಿದ್ದೇ ತಡ, ಅವನು ಸ್ಟೂಲಿನಿಂದ ಎದ್ದು ನಿಂತ. ನಾನು ಶುಕ್ರವಾರ ಏನಾಯಿತು ಅಂತ ಹೇಳಿದೆ. ಅವನಿಗೆ ವಿವರಿಸಬೇಕಾಗಿರಲಿಲ್ಲ. ರಸ್ತೆಯಲ್ಲಿ ನಾಲ್ಕರ ಬದಲು ಎರಡಕ್ಕೆ ಬಿದ್ದರೆ ಕಾರು ಒಮ್ಮೆ ಮುಗ್ಗರಿಸುತ್ತದೆ, ಬೈದುಕೊಂಡು ಸರಿಮಾಡಿಕೊಳ್ಳಬಹುದು. ಟ್ರ್ಯಾಕಿನ ವೇಗದಲ್ಲಿ ಎರಡಕ್ಕೆ ಬಿದ್ದರೆ ಎಂಜಿನ್ ಒಡೆಯುತ್ತದೆ, ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ, ಆಮೇಲೆ ಕಾರು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಹೇಳಲಾರರು. ಫೋನ್ ಮಾಡಿದೆವು. ಎತ್ತಲಿಲ್ಲ. ಕ್ಲಿನಿಕ್ಕಿಗೆ ಓಡಿದೆ, ಬೀಗ ಹಾಕಿತ್ತು. ನಾವು ಬರುವವರೆಗೂ ಕಾರು ಓಡಿಸಬೇಡಿ ಅಂತ ಮೆಸೇಜ್ ಹಾಕಿದೆ. ಸಂಜೆಯ ಹೊತ್ತಿಗೆ, ಸರಿ ಅಂತ ಒಂದೇ ಪದದ ಉತ್ತರ ಬಂತು. ಆಗ ಉಸಿರು ಬಿಟ್ಟೆ.

ಭಾನುವಾರ ಬೆಳಿಗ್ಗೆ ನಮ್ಮ ಹಳೆಯ ವ್ಯಾನಿನಲ್ಲಿ ಇಬ್ಬರೂ ಹೊರಟೆವು. ಓಡಿಸಿದ್ದು ನಾನು. ಅವನು ಪಕ್ಕದಲ್ಲಿ ಟೂಲ್ ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಿನ್ನು ಅಂಗಿಯ ಜೇಬಿನಲ್ಲಿತ್ತು. ಅರ್ಧ ದಾರಿ ಕಳೆಯಿತು. ಆಮೇಲೆ ಅವನೇ ಶುರುಮಾಡಿದ.

"ಪಿನ್ ಹಾಕಿ ಕೇಬಲ್ ಸರಿ ಮಾಡಿ ಬಂದ್ರೆ ಸಾಕಲ್ವಾ? ಉಳಿದಿದ್ದೆಲ್ಲ ಹೇಳ್ಲೇಬೇಕಾ?"

ಸತ್ಯವನ್ನೇ ಹೇಳು ಅಂತ ದೊಡ್ಡವಳ ಹಾಗೆ ಹೇಳಿಬಿಡಬಹುದಿತ್ತು. ಆದರೆ ನನಗೂ ಅವನು ಹೇಳುವುದು ಬೇಕಿರಲಿಲ್ಲ. ಎಡಗೈ ಮೇಸ್ತ್ರಿಗೆ ಎಡಗೈ ಇಲ್ಲ ಅಂತ ಒಮ್ಮೆ ಬಾಯಿಂದ ಬಾಯಿಗೆ ಹೋದರೆ, ನಾಳೆ ಶಟರ್ ಎತ್ತಿ ನಾವಿಬ್ಬರೂ ಯಾರ ಮುಖ ನೋಡಿಕೊಂಡು ಕೂರುವುದು? ಬೇರೆ ವಿದ್ಯೆ ಅವನಿಗೆ ಬಾರದು, ಅವನಿಲ್ಲದೆ ನನ್ನ ಅಂಗಡಿಗೂ ಅರ್ಥವಿಲ್ಲ. ನಿನ್ನಿಷ್ಟ ಅಂದೆ. ಜಗಳವಾಡದೆ ನಾನು ಹಾಗೆ ಅಂದದ್ದು ಅದೇ ಮೊದಲು. ಅವನು ಕಿಟಕಿಯ ಕಡೆ ತಿರುಗಿಕೊಂಡ.

ಟ್ರ್ಯಾಕಿನ ಪಕ್ಕದಲ್ಲಿ ತಗಡಿನ ಶೆಡ್ಡುಗಳ ಸಾಲು. ಪೆಟ್ರೋಲ್ ವಾಸನೆ, ಟೈರಿನ ವಾಸನೆ, ಕಾಫಿಯ ವಾಸನೆ ಕಲಸಿಕೊಂಡಿತ್ತು. ಡಾಕ್ಟರಮ್ಮ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಕಾರಿನ ಪಕ್ಕ ನಿಂತಿದ್ದರು. ಅವರ ಸರದಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಬೇಕರಿಯವರು ಟೈರುಗಳ ರಾಶಿಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದರು. ಅವರು ಭಾರಿ ಆಳು, ಅಷ್ಟೇ ಭಾರಿ ನಗು. ಏನು ಮೇಸ್ತ್ರಿ, ಬಾಣಂತಿ ನೋಡೋಕೆ ಬಂದ ಹಾಗೆ ಕಾರು ನೋಡೋಕೆ ಬಂದಿದ್ದೀರಾ ಅಂದರು. ಕೇಬಲ್ ಒಂದು ಸಲ ನೋಡಬೇಕಿತ್ತು ಅಂತಷ್ಟೇ ಹೇಳಿ ಅಣ್ಣ ಒಳಗೆ ತೂರಿಕೊಂಡ.

ಮುಚ್ಚಳ ತೆಗೆದು, ಲಿವರನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಜೇಬಿನಿಂದ ಪಿನ್ನು ತೆಗೆದು ತೂತಿಗೆ ಇಟ್ಟ. ಹೋಗಲಿಲ್ಲ. ನಾನು ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದೆ. ಲಿವರಿನ ತೂತು, ಅದರ ಚೌಕಟ್ಟಿನ ತೂತು ಎರಡೂ ಒಂದರ ಮೇಲೊಂದು ಕೂರಬೇಕಾದಲ್ಲಿ ಒಂದು ಬೆಂಕಿಕಡ್ಡಿಯಷ್ಟು ಪಕ್ಕಕ್ಕೆ ಸರಿದಿದ್ದವು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ತಪ್ಪು ಅವನ ಕಣ್ಣಿಗೆ ಕಾಣುವ ಹಾಗೆ ಮುಂದೆ ನಿಂತಿತ್ತು. ಅವನು ಅದನ್ನೇ ನೋಡುತ್ತ ಕೂತ. ಆಮೇಲೆ ಕೇಬಲ್ ಸಡಿಲಿಸಿ, ತೂತು ಸರಿಯಾಗಿ ಕೂರಿಸಿ, ಪಿನ್ನು ಸಿಕ್ಕಿಸಿ, ಬಲಗೈಯಲ್ಲಿ ಬಿಗಿದ. ಪಿನ್ನು ತೆಗೆದು ಮುಚ್ಚಳ ಹಾಕಿದ. ಕೆಲಸ ಮುಗಿದಿತ್ತು. ಇನ್ನು ಯಾವ ಅಪಾಯವೂ ಇರಲಿಲ್ಲ. ಟೂಲ್ ಬಾಕ್ಸ್ ಎತ್ತಿಕೊಂಡು ವ್ಯಾನ್ ಹತ್ತಿದರೆ ಮುಗಿಯಿತು.

ಎಲ್ಲ ಸರಿಯಾಯಿತಾ ಅಂತ ಡಾಕ್ಟರಮ್ಮ ಕೇಳಿದರು. ಎಡಗೈ ಮೇಸ್ತ್ರಿ ಮುಟ್ಟಿದ ಮೇಲೆ ಅದೇನು ಕೇಳ್ತೀರಿ ಅಂತ ಬೇಕರಿಯವರು ಮಧ್ಯೆ ಬಾಯಿ ಹಾಕಿದರು. ಅಣ್ಣ ಕಾರಿನಿಂದ ಇಳಿಯಲು ಹೊರಟವನು ಹಾಗೇ ನಿಂತ. ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ.

"ಇಲ್ಲ," ಅಂದ. "ಅದನ್ನೇ ಹೇಳೋಕೆ ಬಂದೆ. ನನ್ನ ಎಡಗೈಗೆ ಏನೂ ಗೊತ್ತಾಗ್ತಿಲ್ಲ. ಎರಡು ವರ್ಷ ಆಯ್ತು. ಡಾಕ್ಟ್ರೇ, ನಿಮ್ಮ ಕೇಬಲ್ ತಪ್ಪು ಬಿಗಿದಿದ್ದೆ. ನಾಲ್ಕಕ್ಕೆ ಹಾಕಿದ್ರೆ ಎರಡಕ್ಕೆ ಬೀಳ್ತಿತ್ತು. ಈಗ ಪಿನ್ ಹಾಕಿ ಸರಿ ಮಾಡಿದ್ದೀನಿ." ಆಮೇಲೆ ಬೇಕರಿಯವರ ಕಡೆ ತಿರುಗಿದ. "ನಿಮ್ಮ ಬುಷ್ ಎರಡು ಸಲ ಬದಲಾಯಿಸ್ದೆನಲ್ಲ, ಎರಡು ಸಲಾನೂ ಬುಷ್ ಚೆನ್ನಾಗೇ ಇತ್ತು. ನನ್ನ ಕೈ ಚೆನ್ನಾಗಿರ್ಲಿಲ್ಲ."

ಈಗ ಬೈಗುಳ ಶುರುವಾಗುತ್ತದೆ ಅಂತ ನಾನು ಹಲ್ಲು ಕಚ್ಚಿಕೊಂಡು ನಿಂತೆ. ಬೈದರೆ ತಿರುಗಿ ಬೈಯಲು ನಾನು ತಯಾರಾಗಿದ್ದೆ ಕೂಡ. ನಮ್ಮಣ್ಣನ ತಪ್ಪಾದರೂ ಸರಿ.

ಬೇಕರಿಯವರು ಟೈರಿನ ಮೇಲಿಂದ ನಿಧಾನವಾಗಿ ಇಳಿದರು. ಅವರ ಮುಖದಲ್ಲಿ ಕೋಪ ಕಾಣಲಿಲ್ಲ, ನಾಚಿಕೆ ಕಂಡಿತು. ಆ ಹಿತ್ತಾಳೆ ಬುಷ್ ಹಾಕಿದ ಮೇಲೆ ಮೊಣಕೈ ನೋವು ಬಂದು ಮುಲಾಮು ಹಚ್ಚಿಕೊಳ್ಳುತ್ತಿದ್ದಾರಂತೆ. ಕಾರು ಹಲ್ಲು ಉದುರುವ ಹಾಗೆ ನಡುಗುತ್ತದೆ ಅಂತ ಅವರ ಹೆಂಡತಿ ಹತ್ತುವುದನ್ನೇ ಬಿಟ್ಟಿದ್ದಾರಂತೆ.

"ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ?" ಅಣ್ಣ ಕೇಳಿದ.

"ನೀವು ಸರಿ ಇದೆ ಅಂದಿದ್ರಲ್ಲ ಮೇಸ್ತ್ರಿ. ನನ್ನ ಕೈಗೇ ಓಡಿಸೋದು ಬರಲ್ಲ ಅಂದ್ಕೊಂಡು ಸುಮ್ಮನಾದೆ."

ಡಾಕ್ಟರಮ್ಮನೂ ತಲೆ ಆಡಿಸಿದರು. ನಿನ್ನೆ ಮನೆಗೆ ಹೋಗುವಾಗಲೇ ಅವರಿಗೂ ಏನೋ ಸರಿಯಿಲ್ಲ ಅನ್ನಿಸಿತ್ತಂತೆ. ಹೊಸದಲ್ಲವೇ, ನನಗೇ ಅಭ್ಯಾಸವಾಗಬೇಕು ಅಂದುಕೊಂಡರಂತೆ. ನಾನು ಶುಕ್ರವಾರ ಅಂದುಕೊಂಡದ್ದೂ ಅದನ್ನೇ. ಎರಡು ವರ್ಷ ಇವರೆಲ್ಲರ ಕೈಗೂ ಸರಿಯಾಗಿಯೇ ಗೊತ್ತಾಗುತ್ತಿತ್ತು. ಒಬ್ಬರೂ ತಮ್ಮ ಕೈಯನ್ನು ನಂಬಲಿಲ್ಲ, ಅವನ ಸತ್ತ ಕೈಯನ್ನೇ ನಂಬಿದರು.

ಅಣ್ಣ ಅಲ್ಲೇ ಕಾರಿನ ಹೊಸ್ತಿಲ ಮೇಲೆ ಕುಸಿದು ಕೂತ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಇದನ್ನು ತಡೆದುಕೊಳ್ಳಲು ಅವನಿಗೆ ಆಗಲಿಲ್ಲ. ಬಲಗೈಯಿಂದ ಮುಖ ಮುಚ್ಚಿಕೊಂಡ. ಅಮ್ಮ ಹೋದಾಗಲೂ ಎಲ್ಲರನ್ನೂ ಸಮಾಧಾನ ಮಾಡಿಕೊಂಡು ಓಡಾಡಿದವನು ಅವನು. ನಾನು ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತೆ.

ಡಾಕ್ಟರಮ್ಮ ಅವನ ಮುಂದೆ ಕುಕ್ಕರುಗಾಲಲ್ಲಿ ಕೂತು ಎಡಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬೇರೆ ಕಡೆ ನೋಡಿ ಅಂತ ಹೇಳಿ, ಅದೇ ಶಿಫ್ಟರ್ ಪಿನ್ನಿನ ತುದಿಯಿಂದ ಒಂದೊಂದೇ ಬೆರಳನ್ನು ಚುಚ್ಚುತ್ತ ಬಂದರು. ಹೆಬ್ಬೆರಳು, ಇಲ್ಲ. ತೋರುಬೆರಳು, ಇಲ್ಲ. ನಡುಬೆರಳು, ಇಲ್ಲ. ಉಂಗುರದ ಬೆರಳಿನಲ್ಲಿ ಅರ್ಧ. ಕಿರುಬೆರಳಿಗೆ ಬಂದಾಗ ಅವನು ಕೈ ಎಳೆದುಕೊಂಡ. ಮಣಿಕಟ್ಟಿನ ಹತ್ತಿರ ನರ ಒತ್ತಿಕೊಂಡಿರಬೇಕು, ಸ್ಪಾನರ್ ಹಿಡಿಯುವವರಿಗೂ ಬರುತ್ತದೆ, ಹಲ್ಲು ಕೀಳುವವರಿಗೂ ಬರುತ್ತದೆ, ಕಿರುಬೆರಳಿನ ನರ ಬೇರೆ ದಾರಿಯದು ಅಂತ ಹೇಳಿದರು. ಸಣ್ಣ ಆಪರೇಷನ್ ಇದೆಯಂತೆ, ಯಾರ ಹತ್ತಿರ ಹೋಗಬೇಕು ಅಂತ ಚೀಟಿ ಬರೆದುಕೊಡುತ್ತಾರಂತೆ.

"ಮಾಡಿಸಿದ್ರೆ ವಾಪಸ್ ಬರುತ್ತಾ?"

"ಎಷ್ಟು ಬರುತ್ತೆ ಅಂತ ನಾನು ಹೇಳೋಕಾಗಲ್ಲ ಮೇಸ್ತ್ರಿ. ತುಂಬ ತಡ ಮಾಡಿದ್ದೀರ."

ಅವನು ತಲೆಯಾಡಿಸಿದ. ಸುಳ್ಳು ಸಮಾಧಾನ ಹೇಳಲಿಲ್ಲ ಅಂತ ಡಾಕ್ಟರಮ್ಮನ ಮೇಲೆ ನನಗೆ ಆ ಕ್ಷಣಕ್ಕೆ ಸಿಟ್ಟು ಬಂತು, ಆಮೇಲೆ ಗೌರವ ಬಂತು.

ಡಾಕ್ಟರಮ್ಮನ ಸರದಿ ಕೂಗಿದರು. ಅವರು ಓಡಿಸುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಆದರೆ ಅವರು ಹೆಲ್ಮೆಟ್ ಹಾಕಿಕೊಂಡು ಒಳಗೆ ಇಳಿದರು, ಎಲ್ಲ ಗೇರನ್ನೂ ನಿಂತಲ್ಲೇ ಎರಡೆರಡು ಸಲ ಹಾಕಿ ನೋಡಿದರು, ಹೊರಟರು. ಅಣ್ಣ ಬೇಲಿಯ ಹತ್ತಿರ ಹೋಗಿ ನಿಂತ. ಆರು ಸುತ್ತು. ಕಾರು ಆ ಉದ್ದನೆಯ ತಿರುವಿಗೆ ಬಂದಾಗಲೆಲ್ಲ ಅವನು ಬಲಗೈಯಲ್ಲಿ ಬೇಲಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದ. ನಾನು ಟ್ರ್ಯಾಕು ನೋಡಲೇ ಇಲ್ಲ, ಅವನನ್ನೇ ನೋಡುತ್ತಿದ್ದೆ.

ಅವರು ವಾಪಸ್ ಬಂದು ಎಂಜಿನ್ ಆರಿಸಿ ಹೆಲ್ಮೆಟ್ ತೆಗೆದಾಗ ಕೂದಲೆಲ್ಲ ಬೆವರಿಗೆ ಅಂಟಿಕೊಂಡಿತ್ತು. ಅಣ್ಣ ಬಾಗಿಲು ತೆಗೆದ. ಯಾವಾಗಲೂ ಅವರೆಲ್ಲ ಅವನನ್ನು ಕೇಳುವುದು, ಅವನು ಲಿವರ್ ಹಿಡಿದು ಹೇಳುವುದು. ಈ ಸಲ ಅವನು ಲಿವರಿಗೆ ಕೈ ಚಾಚಲಿಲ್ಲ.

"ಹೇಗಿತ್ತು? ನೀವೇ ಹೇಳ್ಬೇಕು."

ಡಾಕ್ಟರಮ್ಮ ಸ್ವಲ್ಪ ಯೋಚಿಸಿದರು. ಮೂರು ಚೆನ್ನಾಗಿ ಬೀಳುತ್ತಿದೆ, ಹುಡುಕುವುದೇ ಬೇಡ ಅಂದರು. ಐದರಿಂದ ನಾಲ್ಕಕ್ಕೂ ಸರಿಯಾಗಿ ಬರುತ್ತಿದೆ. ಎರಡರಿಂದ ಮೂರಕ್ಕೆ ದೂಡುವಾಗ ಮಾತ್ರ ಸ್ವಲ್ಪ ಗಟ್ಟಿ.

"ಸ್ವಲ್ಪ ಅಂದ್ರೆ ಎಷ್ಟು?"

ಅದನ್ನು ಹೇಗೆ ಹೇಳುವುದು ಅಂತ ಅವರಿಗೆ ತಿಳಿಯಲಿಲ್ಲ. ಗ್ಲೌಸ್ ತೆಗೆದು, ಅವನ ಎಡಗೈ ತೆಗೆದುಕೊಂಡು, ಕಿರುಬೆರಳನ್ನು ಹಿಡಿದು ಹಿಂದಕ್ಕೆ ಒತ್ತಿದರು.

"ಇಷ್ಟು."

ಅಣ್ಣ ಇನ್ನೊಂದು ಸಲ ಅಂದ. ಅವರು ಇನ್ನೊಂದು ಸಲ ಒತ್ತಿದರು. ಅವನು ತನ್ನ ಬೆರಳನ್ನೇ ನೋಡುತ್ತಿದ್ದ.

"ಗೊತ್ತಾಯ್ತು," ಅಂದ. "ಬುಡದಲ್ಲಿ ಎರಡು ಬುಷ್ ತೆಗೆದು ವಾಪಸ್ ರಬ್ಬರ್ ಹಾಕ್ಬೇಕು."